ಇತಿಹಾಸದ ಹೆಸರಿನಲ್ಲಿ ಒಂದು ವಾಯಿದೆ

ಅಧಿಕಾರ ಬಿಟ್ಟು ಹೊರಡುವ ಅಧ್ಯಕ್ಷರ ಬಾಯಿಂದ ಬಹುತೇಕ ತಪ್ಪದೆ ಬರುವ ಮಾತೊಂದಿದೆ: ನನ್ನ ಆಡಳಿತ ಹೇಗಿತ್ತೆಂದು ಇತಿಹಾಸ ತೀರ್ಮಾನಿಸಲಿ. ಕೇಳುವುದಕ್ಕೆ ಇದು ವಿನಯದ ಮಾತು. ಹೊಗಳಿಕೆ ತೆಗಳಿಕೆ ಎರಡನ್ನೂ ಪಕ್ಕಕ್ಕಿಟ್ಟು ತನಗಿಂತ ದೊಡ್ಡದಾದ ಯಾವುದಕ್ಕೋ ತಲೆಬಾಗಿದ ಹಾಗೆ ಕಾಣುತ್ತದೆ. ಆದರೆ ಸ್ವಲ್ಪ ಹತ್ತಿರದಿಂದ ಕೇಳಿಸಿಕೊಂಡರೆ, ನಮ್ಮ ಕೋರ್ಟುಗಳಲ್ಲಿ ದಿನವೂ ಏಳುವ ಇನ್ನೊಂದು ಬೇಡಿಕೆಯೂ ಅದರೊಳಗೆ ಕೇಳಿಸುತ್ತದೆ: ಸ್ವಾಮಿ, ವಾಯಿದೆ ಕೊಡಿ. ವಾಯಿದೆ ಕೇಳುವವರೆಲ್ಲ ತೀರ್ಪಿಗಾಗಿ ಕಾಯುತ್ತಿರುತ್ತಾರೆ ಎಂದೇನಿಲ್ಲ. ಸಾಕ್ಷಿಗಳು ದಣಿಯಲಿ, ದೂರು ಕೊಟ್ಟವರು ಸಾಯಲಿ, ಕಡತ ಕಳೆದುಹೋಗಲಿ ಎಂದು ಕಾಯುವವರೂ ಇರುತ್ತಾರೆ.

ಈ ಮಾತನ್ನು ಪರೀಕ್ಷಿಸಲು ನಾನು ಆರಿಸಿಕೊಂಡಿರುವುದು ಅಮೆರಿಕದ 43ನೇ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ನಿರ್ಗಮನವನ್ನು. ಇದಕ್ಕೆ ಕಾರಣ ಸರಳ. ಅವರು ಹೋಗಿ ಒಂದೂವರೆ ದಶಕ ದಾಟಿದೆ. ಅವರ ಆತ್ಮಕಥನ ಬಂದಿದೆ, ಅವರ ಹೆಸರಿನ ಗ್ರಂಥಾಲಯ ಎದ್ದು ನಿಂತಿದೆ, ಇತಿಹಾಸಕಾರರು ಅವರಿಗೆ ಮೂರು ಬಾರಿ ಅಂಕ ಕೊಟ್ಟಿದ್ದಾರೆ, ಅವರು ಯುದ್ಧ ಹೂಡಿದ ದೇಶದ ಲೇಖಕರೂ ಬರೆದಿದ್ದಾರೆ. ಇತಿಹಾಸದ ತೀರ್ಪು ಎನ್ನುವುದು ಹೇಗೆ ತಯಾರಾಗುತ್ತದೆ, ಯಾರ ಕೈಯಲ್ಲಿ ತಯಾರಾಗುತ್ತದೆ ಎಂದು ನೋಡಲು ಬೇಕಾದ ಸಾಮಗ್ರಿಯೆಲ್ಲ ಒಂದೇ ಕಡೆ ಸಿಗುತ್ತದೆ.

2001ರ ಸೆಪ್ಟೆಂಬರ್‌ನಲ್ಲಿ, ಅವಳಿ ಗೋಪುರಗಳು ಉರುಳಿದ ಬೆನ್ನಿಗೆ, ಗ್ಯಾಲಪ್ ಸಮೀಕ್ಷೆಯಲ್ಲಿ ಬುಷ್ ಅವರನ್ನು ಒಪ್ಪಿದವರು ಶೇ. 90. ಅವರು ಶ್ವೇತಭವನ ಬಿಡುವ 2009ರ ಜನವರಿಯ ಹೊತ್ತಿಗೆ ಅದು ಶೇ. 34. ನಡುವೆ ಅಫ್ಗಾನಿಸ್ತಾನ, ಇರಾಕ್, ಅಬು ಗ್ರೈಬ್ ಸೆರೆಮನೆಯ ಚಿತ್ರಗಳು, ಕತ್ರೀನಾ ಚಂಡಮಾರುತ, ಕೊನೆಗೆ 2008ರ ಬ್ಯಾಂಕುಗಳ ಕುಸಿತ. ಜನವರಿ 12ರ ಕೊನೆಯ ಪತ್ರಿಕಾಗೋಷ್ಠಿಯಲ್ಲಿ ಅವರು ಕೆಲವು ವಿಷಯಗಳನ್ನು ಒಪ್ಪಿಕೊಂಡರು. ಯುದ್ಧ ಗೆದ್ದಂತೆ ಹಡಗಿನ ಮೇಲೆ ಕಟ್ಟಿದ ಫಲಕ ತಪ್ಪಾಯಿತು ಎಂದರು. ಇರಾಕ್‌ನಲ್ಲಿ ಸಮೂಹ ನಾಶಕ ಅಸ್ತ್ರಗಳು ಸಿಗದೇ ಹೋದದ್ದು ದೊಡ್ಡ ನಿರಾಶೆ ಎಂದರು. ಈ ಪದವನ್ನು ಗಮನಿಸಬೇಕು. ಫಲಕ ಕಟ್ಟಿದ್ದು ತಪ್ಪು. ಇಲ್ಲದ ಅಸ್ತ್ರಗಳಿಗಾಗಿ ಹೂಡಿದ ಯುದ್ಧ ನಿರಾಶೆ. ತಪ್ಪಿಗೆ ಮಾಡಿದವನೊಬ್ಬ ಇರುತ್ತಾನೆ. ನಿರಾಶೆ ಮಳೆಯ ಹಾಗೆ, ಬಂದು ಹೋಗುತ್ತದೆ. ಮೂರು ದಿನಗಳ ನಂತರದ ವಿದಾಯ ಭಾಷಣದಲ್ಲಿ, ನನ್ನ ತೀರ್ಮಾನಗಳನ್ನು ನೀವು ಒಪ್ಪದಿರಬಹುದು, ಆದರೆ ಕಠಿಣ ತೀರ್ಮಾನಗಳಿಗೆ ನಾನು ಹಿಂಜರಿಯಲಿಲ್ಲ ಎಂಬುದನ್ನಾದರೂ ಒಪ್ಪಿ ಎಂದು ಕೇಳಿಕೊಂಡರು.

ಈ ಕೋರಿಕೆಯೇ ಮುಂದೆ ಪುಸ್ತಕವಾಯಿತು. 2010ರ ನವೆಂಬರ್‌ನಲ್ಲಿ ಬಂದ 'ಡಿಸಿಷನ್ ಪಾಯಿಂಟ್ಸ್' ಕಾಲಾನುಕ್ರಮದ ಆತ್ಮಕಥನ ಅಲ್ಲ. ಅದರ ಅಧ್ಯಾಯಗಳು ಒಂದೊಂದು ತೀರ್ಮಾನದ ಸುತ್ತ ಕಟ್ಟಿದವು. ಮೊದಲ ಅಧ್ಯಾಯ ಕುಡಿತ ಬಿಟ್ಟ ತೀರ್ಮಾನದ್ದು. ಓದಿಸಿಕೊಂಡು ಹೋಗುತ್ತದೆ, ತಮಾಷೆಯೂ ಇದೆ, ಕೆಲವು ಕಡೆ ಪ್ರಾಮಾಣಿಕವೂ ಆಗಿದೆ. ಆದರೆ ಈ ವಿನ್ಯಾಸಕ್ಕೆ ತನ್ನದೇ ಒಂದು ರಾಜಕಾರಣ ಇದೆ. ಆತ್ಮಕಥನಗಳನ್ನು ಓದುವುದು ನನ್ನ ಸಂಶೋಧನೆಯ ಭಾಗವಾಗಿರುವುದರಿಂದ ನನಗೆ ಮೊದಲು ಕಣ್ಣಿಗೆ ಬೀಳುವುದು ಬರೆದವರು ತಮ್ಮ ಬದುಕನ್ನು ಯಾವ ಅಳತೆಯ ತುಂಡುಗಳಾಗಿ ಕತ್ತರಿಸಿಕೊಂಡಿದ್ದಾರೆ ಎಂಬುದು. ತೀರ್ಮಾನವನ್ನೇ ಅಳತೆಗೋಲು ಮಾಡಿಕೊಂಡರೆ ಕಥೆಯ ನಡುಮನೆಯಲ್ಲಿ ಯಾವಾಗಲೂ ತೀರ್ಮಾನಿಸುವವನೇ ಕುಳಿತಿರುತ್ತಾನೆ. ಅವನ ಎದುರು ಮೇಜು, ಮೇಜಿನ ಮೇಲೆ ಅರೆಬರೆ ಮಾಹಿತಿ, ಸುತ್ತ ಸಲಹೆಗಾರರು, ಗಡಿಯಾರದ ಒತ್ತಡ. ಓದುಗನಿಗೆ ಅವನ ಸಂಕಟ ಅರ್ಥವಾಗುತ್ತದೆ. ತೀರ್ಮಾನದ ಇನ್ನೊಂದು ತುದಿಯಲ್ಲಿದ್ದವರು ಮಾತ್ರ ಅಧ್ಯಾಯದ ಹೊರಗೆ ಉಳಿಯುತ್ತಾರೆ.

ಇದಕ್ಕೆ ಒಂದು ಉದಾಹರಣೆ ಸಾಕು. 2005ರ ಕತ್ರೀನಾ ಚಂಡಮಾರುತದಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ನ್ಯೂ ಆರ್ಲಿಯನ್ಸ್ ನಗರದ ಬಹುಭಾಗ ಮುಳುಗಿತು. ಆ ದಿನಗಳಲ್ಲಿ ಗಾಯಕ ಕಾನ್ಯೆ ವೆಸ್ಟ್ ಟಿವಿಯ ನೇರ ಪ್ರಸಾರದಲ್ಲಿ, ಬುಷ್‌ಗೆ ಕಪ್ಪು ಜನರ ಬಗ್ಗೆ ಕಾಳಜಿ ಇಲ್ಲ ಎಂದುಬಿಟ್ಟ. ತಮ್ಮ ಅಧ್ಯಕ್ಷಗಿರಿಯ ಅತ್ಯಂತ ಕೆಟ್ಟ ಗಳಿಗೆ ಇದೇ ಎಂದು ಬುಷ್ ಈ ಪುಸ್ತಕದಲ್ಲಿ ಹೇಳಿಕೊಳ್ಳುತ್ತಾರೆ. ಜನಾಂಗದ್ವೇಷಿ ಎನಿಸಿಕೊಳ್ಳುವುದು ಯಾರಿಗಾದರೂ ನೋವಿನ ಸಂಗತಿಯೇ, ಅನುಮಾನವಿಲ್ಲ. ಆದರೂ ಮುಳುಗಿದ ಊರಿಗಿಂತ, ಸುಟ್ಟ ಬಾಗ್ದಾದಿಗಿಂತ, ತನ್ನ ಹೆಸರಿಗೆ ತಗುಲಿದ ಒಂದು ಮಾತೇ ಎಂಟು ವರ್ಷಗಳ ಪಾತಾಳ ಎನ್ನುವಾಗ ಆತ್ಮಕಥನದ ಕಣ್ಣು ಎತ್ತ ನೆಟ್ಟಿದೆ ಎಂಬುದು ತಿಳಿಯುತ್ತದೆ.

ಪುಸ್ತಕದ ಕೊನೆ ಇನ್ನೂ ಸೊಗಸಾಗಿದೆ. ಡಾಲಸ್‌ನ ಮನೆಗೆ ಮರಳಿದ ಮಾಜಿ ಅಧ್ಯಕ್ಷರು ನಾಯಿಯನ್ನು ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತಾರೆ, ಪ್ಲಾಸ್ಟಿಕ್ ಚೀಲ ಹಿಡಿದು ಅದರ ಹೇಲು ಬಾಚುತ್ತಾರೆ. ಓದುಗ ನಗುತ್ತಾನೆ, ಮೆತ್ತಗಾಗುತ್ತಾನೆ. ಆ ನಗು ಆರುವ ಮುಂಚೆಯೇ ಕೊನೆಯ ಮಾತು ಬರುತ್ತದೆ: ತನ್ನ ಬಗ್ಗೆ ತೀರ್ಮಾನಿಸುವುದು ಇತಿಹಾಸದ ಕೆಲಸ, ಅದನ್ನು ಕೇಳಲು ತಾನು ಇರುವುದಿಲ್ಲ, ಆ ಬಗ್ಗೆ ತನಗೆ ನೆಮ್ಮದಿಯೇ ಇದೆ. ಅಷ್ಟು ಅಧ್ಯಾಯಗಳ ಉದ್ದಕ್ಕೂ ತೀರ್ಮಾನ ತನ್ನದೇ ಎಂದು ಎದೆತಟ್ಟಿ ಹೇಳಿದ ಪುಸ್ತಕ ಕೊನೆಯದೊಂದನ್ನು ಮಾತ್ರ ಬೇರೆಯವರಿಗೆ ಬಿಟ್ಟು ಮುಗಿಯುತ್ತದೆ. ಯುದ್ಧ ಶುರುವಾದ ವರ್ಷದ ಕೊನೆಯಲ್ಲಿ ಪತ್ರಕರ್ತ ಬಾಬ್ ವುಡ್‌ವರ್ಡ್ ಕೇಳಿದಾಗಲೂ ಅವರು ಹೀಗೆಯೇ, ಅಷ್ಟರಲ್ಲಿ ನಾವೆಲ್ಲ ಸತ್ತಿರುತ್ತೇವೆ ಎಂದಿದ್ದರು.

ತಾವು ಯುಲಿಸಿಸ್ ಗ್ರಾಂಟ್ ಅವರ ಆತ್ಮಕಥನವನ್ನು ಓದಿ ಮೆಚ್ಚಿಕೊಂಡಿದ್ದಾಗಿ ಬುಷ್ ಹೇಳುತ್ತಾರೆ. ಈ ಹೋಲಿಕೆ ಅವರಿಗೇ ದುಬಾರಿಯಾಗುತ್ತದೆ. ಗ್ರಾಂಟ್ ಎರಡು ಅವಧಿಗೆ ಅಧ್ಯಕ್ಷರಾಗಿದ್ದವರು. ಗಂಟಲಿನ ಕ್ಯಾನ್ಸರ್‌ನಿಂದ ನರಳುತ್ತ ಬರೆದು, ಮುಗಿಸಿದ ಕೆಲವೇ ದಿನಗಳಲ್ಲಿ, 1885ರ ಜುಲೈ 23ರಂದು ತೀರಿಕೊಂಡರು. ಆ ಪುಸ್ತಕದಲ್ಲಿ ಅಧ್ಯಕ್ಷಗಿರಿಯ ಸಮರ್ಥನೆ ಇಲ್ಲ. ಆ ಎಂಟು ವರ್ಷಗಳ ಕಥೆಯನ್ನೇ ಅವರು ಹೇಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಯುವ ಅಧಿಕಾರಿಯಾಗಿ ತಾವೇ ಕಾದಾಡಿದ ಮೆಕ್ಸಿಕೊ ಯುದ್ಧ ಬಲಿಷ್ಠ ದೇಶವೊಂದು ದುರ್ಬಲ ದೇಶದ ಮೇಲೆ ಹೇರಿದ ಅನ್ಯಾಯವಾಗಿತ್ತೆಂದು ಗ್ರಾಂಟ್ ನೇರವಾಗಿ ಬರೆಯುತ್ತಾರೆ. ಅದನ್ನು ಇತಿಹಾಸ ಹೇಳಲಿ ಎಂದು ಬಿಡಲಿಲ್ಲ, ತಾವೇ ಹೇಳಿದರು. ಒಬ್ಬ ಮನುಷ್ಯ ತನ್ನ ಕಾಲದಲ್ಲೇ, ತನ್ನ ಬಾಯಿಂದಲೇ ತೀರ್ಪು ಹೇಳಲು ಸಾಧ್ಯ ಎಂಬುದಕ್ಕೆ ಬುಷ್ ಮೆಚ್ಚಿದ ಪುಸ್ತಕವೇ ಸಾಕ್ಷಿ.

ಡಾಲಸ್‌ನಲ್ಲಿ 2013ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಬುಷ್ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಇದೇ ಪುಸ್ತಕದ ಕಟ್ಟಡ ರೂಪ. ಅಲ್ಲಿ 'ಡಿಸಿಷನ್ ಪಾಯಿಂಟ್ಸ್ ಥಿಯೇಟರ್' ಎಂಬ ಕೋಣೆ ಇದೆ. ನೋಡಲು ಬಂದವರ ಮುಂದೆ ಇರಾಕ್ ದಾಳಿ, ಕತ್ರೀನಾ, ಆರ್ಥಿಕ ಕುಸಿತದಂಥ ಒಂದು ಬಿಕ್ಕಟ್ಟನ್ನು ಇಡುತ್ತಾರೆ. ಪರದೆಯ ಮೇಲೆ ಸಲಹೆಗಾರರು ಬಂದು ಸಲಹೆ ಕೊಡುತ್ತಾರೆ, ಸಮಯ ಓಡುತ್ತಿರುತ್ತದೆ, ಎಲ್ಲರೂ ಮತ ಹಾಕಬೇಕು. ಆಮೇಲೆ ಬುಷ್ ಅವರೇ ವಿಡಿಯೊದಲ್ಲಿ ಬಂದು ತಾವು ಏನು ಮಾಡಿದೆವು, ಏಕೆ ಮಾಡಿದೆವು ಎಂದು ವಿವರಿಸುತ್ತಾರೆ. ನೋಡುಗನನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸುವ ಈ ಆಟದಲ್ಲಿ ಬಾಂಬು ಬೀಳುವ ಬೀದಿಯಲ್ಲಿ ನಿಲ್ಲುವ ಆಯ್ಕೆ ಇಲ್ಲ.

ಶಾಸನಗಳನ್ನು ಓದಿದವರಿಗೆ ಆಳುವವರ ಈ ಆಸೆ ಹೊಸದಲ್ಲ. ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ 634ರಲ್ಲಿ ರವಿಕೀರ್ತಿ ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳನ್ನು ಕಲ್ಲಿಗೆ ಇಳಿಸಿದ. ಜೊತೆಗೆ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೂ ಸೇರಿಸಿಕೊಂಡ. ಆದರೆ ಅದು ಪ್ರಶಸ್ತಿ, ಅದನ್ನು ಪ್ರಶಸ್ತಿ ಎಂದೇ ಓದುತ್ತೇವೆ. ಅಧ್ಯಕ್ಷರ ಗ್ರಂಥಾಲಯದ ಮಾತು ಬೇರೆ. ಅಲ್ಲಿ ಪ್ರಶಸ್ತಿ ಮತ್ತು ಪತ್ರಾಗಾರ ಒಂದೇ ಸೂರಿನ ಕೆಳಗಿವೆ. ಮುಂಬಾಗಿಲಲ್ಲಿ ಪ್ರದರ್ಶನ, ಹಿಂದಿನ ಕೋಣೆಗಳಲ್ಲಿ ಕಡತ. ಮುಂಬಾಗಿಲು ಮೊದಲ ದಿನವೇ ತೆರೆಯುತ್ತದೆ.

ಕಡತದ ಕಥೆಯನ್ನೂ ಹೇಳಬೇಕು, ಏಕೆಂದರೆ ನನ್ನ ಆಕ್ಷೇಪದ ತಿರುಳು ಅಲ್ಲಿದೆ. ನಿಕ್ಸನ್ ಪ್ರಕರಣದ ಪಾಠವಾಗಿ ಅಮೆರಿಕ 1978ರಲ್ಲಿ ಅಧ್ಯಕ್ಷರ ದಾಖಲೆಗಳ ಕಾಯ್ದೆ ಮಾಡಿತು. ಅದರ ಪ್ರಕಾರ ಅಧ್ಯಕ್ಷರ ಕಾಗದಪತ್ರ ಅವರ ಸ್ವಂತ ಸ್ವತ್ತಲ್ಲ, ಜನರದ್ದು. ಕೆಲವು ಬಗೆಯವನ್ನು ಮಾತ್ರ ಗರಿಷ್ಠ 12 ವರ್ಷ ಮುಚ್ಚಿಡಬಹುದು. ಬುಷ್ ಅಧಿಕಾರಕ್ಕೆ ಬಂದ ಮೊದಲ ವರ್ಷವೇ, 2001ರ ನವೆಂಬರ್‌ನಲ್ಲಿ, 13233ನೇ ಕಾರ್ಯಕಾರಿ ಆದೇಶ ಹೊರಡಿಸಿ ಮಾಜಿ ಅಧ್ಯಕ್ಷರಿಗೂ ಅವರ ವಾರಸುದಾರರಿಗೂ ದಾಖಲೆ ತಡೆಹಿಡಿಯುವ ಹೆಚ್ಚಿನ ಅಧಿಕಾರ ಕೊಟ್ಟರು. ಇತಿಹಾಸಕಾರರು ಪ್ರತಿಭಟಿಸಿದರು. ಒಬಾಮ ಅಧಿಕಾರ ವಹಿಸಿಕೊಂಡ ಮರುದಿನ, 2009ರ ಜನವರಿ 21ರಂದು, ಆ ಆದೇಶ ರದ್ದಾಯಿತು. ಸಿಐಎ ತನ್ನ ಕೈದಿಗಳ ವಿಚಾರಣೆಯ 92 ವಿಡಿಯೊ ಟೇಪುಗಳನ್ನು 2005ರಲ್ಲಿ ನಾಶ ಮಾಡಿತು. ಆ ವಿಚಾರಣೆಗಳಲ್ಲಿ ನಡೆದ ಚಿತ್ರಹಿಂಸೆಯ ಬಗ್ಗೆ ಸೆನೆಟ್ ಸಮಿತಿ ಸಿದ್ಧಪಡಿಸಿದ ವರದಿ 6,700ಕ್ಕೂ ಹೆಚ್ಚು ಪುಟಗಳದ್ದು. 2014ರಲ್ಲಿ ಹೊರಬಂದದ್ದು ಸುಮಾರು 500 ಪುಟಗಳ ಸಾರಾಂಶ ಮಾತ್ರ. ಹೀಗಿರುವಾಗ ಇತಿಹಾಸ ತೀರ್ಮಾನಿಸಲಿ ಎನ್ನುವ ಮಾತಿಗೆ ಏನು ಬೆಲೆ? ನ್ಯಾಯಾಧೀಶರ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ ಎನ್ನುತ್ತಲೇ ಕಡತವನ್ನು ಬೀರುವಿಗೆ ಹಾಕಿ ಬೀಗದ ಕೈಯನ್ನು ಕುಟುಂಬದವರಿಗೆ ಕೊಟ್ಟ ಹಾಗಾಯಿತು.

ಬುಷ್ ಅವರ ಅಭಿಮಾನಿಗಳು ಹ್ಯಾರಿ ಟ್ರೂಮನ್ ಅವರ ಹೆಸರು ಹೇಳುತ್ತಾರೆ. ಬುಷ್ ಕೂಡ ಹೇಳಿದ್ದುಂಟು. ಕೊರಿಯಾ ಯುದ್ಧದ ನಡುವೆ 1952ರಲ್ಲಿ ಟ್ರೂಮನ್ ಅವರನ್ನು ಒಪ್ಪಿದವರು ಶೇ. 22ಕ್ಕೆ ಇಳಿದಿದ್ದರು. ಈಗ ಅವರು ಇತಿಹಾಸಕಾರರ ಪಟ್ಟಿಯಲ್ಲಿ ಐದನೆಯ ಅಥವಾ ಆರನೆಯ ಸ್ಥಾನದಲ್ಲಿರುತ್ತಾರೆ. ಹಾಗಾದರೆ ಕಾಲ ತೀರ್ಪು ಕೊಟ್ಟಿತಲ್ಲ ಎಂದು ಕೇಳಬಹುದು. ಇಲ್ಲಿ 'ಕಾಲ' ಎಂಬ ಕರ್ತೃಪದವನ್ನೇ ಪ್ರಶ್ನಿಸಬೇಕೆಂದು ನನ್ನ ವಾದ. ಕಾಲ ಏನನ್ನೂ ಬರೆಯುವುದಿಲ್ಲ. ಟ್ರೂಮನ್ ಬಗ್ಗೆ ಡೇವಿಡ್ ಮೆಕಲ್ಲೊ ಬರೆದರು. 1992ರ ಅವರ ಜೀವನಚರಿತ್ರೆ ಲಕ್ಷಾಂತರ ಜನರ ಕೈ ಸೇರಿತು, ಪುಲಿಟ್ಜರ್ ಪಡೆಯಿತು. ಮಾರ್ಷಲ್ ಯೋಜನೆಯ, ಸೈನ್ಯದೊಳಗಿನ ವರ್ಣಭೇದ ನಿಲ್ಲಿಸಿದ 1948ರ ಆದೇಶದ ಫಲಗಳು ಕಣ್ಣೆದುರಿಗಿದ್ದವು. ಹೊಗಳಲು ಕಾರಣಗಳಿದ್ದವು, ಹೊಗಳುವ ಮನುಷ್ಯರಿದ್ದರು.

ಗ್ರಾಂಟ್ ಕಥೆ ಇದನ್ನು ಇನ್ನೂ ಸ್ಪಷ್ಟಗೊಳಿಸುತ್ತದೆ. ಅವರು ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಹಕ್ಕುಗಳಿಗಾಗಿ ಕು ಕ್ಲುಕ್ಸ್ ಕ್ಲಾನ್ ವಿರುದ್ಧ ಕಾನೂನನ್ನೂ ಸೈನ್ಯವನ್ನೂ ಬಳಸಿದ ಅಧ್ಯಕ್ಷ. ಆದರೆ 20ನೇ ಶತಮಾನದ ಮೊದಲರ್ಧದಲ್ಲಿ ಆ ಕಾಲದ ಚರಿತ್ರೆಯನ್ನು ಬರೆದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಡನ್ನಿಂಗ್ ಮತ್ತು ಅವರ ಶಿಷ್ಯರು. ಕಪ್ಪು ಜನರಿಗೆ ಮತದಾನದ ಹಕ್ಕು ಕೊಟ್ಟದ್ದೇ ಅವರಿಗೆ ಅನಾಹುತವಾಗಿ ಕಂಡಿತ್ತು. ಡಬ್ಲ್ಯು. ಇ. ಬಿ. ಡು ಬೊಯಿಸ್ 1935ರಲ್ಲೇ ದೊಡ್ಡ ಗ್ರಂಥ ಬರೆದು ಇದನ್ನು ಅಲ್ಲಗಳೆದರೂ ವಿದ್ವತ್ ವಲಯ ಹೆಚ್ಚುಕಡಿಮೆ ಕಿವುಡಾಗಿತ್ತು. 1948ರಲ್ಲಿ ಆರ್ಥರ್ ಶ್ಲೆಸಿಂಗರ್ ಇತಿಹಾಸಕಾರರಿಂದ ಮೊದಲ ಪಟ್ಟಿ ಮಾಡಿಸಿದಾಗ ಗ್ರಾಂಟ್ ಕೊನೆಯಿಂದ ಎರಡನೆಯವರು. ಸಿ-ಸ್ಪ್ಯಾನ್ ವಾಹಿನಿಯ ಸಮೀಕ್ಷೆಯಲ್ಲಿ 2000ದಲ್ಲಿ ಅವರು 33ನೇ ಸ್ಥಾನದಲ್ಲಿದ್ದರು, 2021ರಲ್ಲಿ 20ಕ್ಕೆ ಏರಿದರು. ಸತ್ತು ನೂರು ವರ್ಷವಾದ ಮೇಲೆ ಗ್ರಾಂಟ್ ಹೊಸದಾಗಿ ಏನನ್ನೂ ಮಾಡಿರಲಿಲ್ಲ. ನಾಗರಿಕ ಹಕ್ಕುಗಳ ಚಳವಳಿಯ ನಂತರ ಪಂಚಾಯ್ತಿಕಟ್ಟೆಯ ಮೇಲೆ ಕುಳಿತವರು ಬದಲಾಗಿದ್ದರು. ಆ ಬದಲಾವಣೆ ತಾನಾಗಿ ಆದದ್ದಲ್ಲ. ಜನ ಬೀದಿಗಿಳಿದು, ಜೈಲು ಸೇರಿ, ಗುಂಡು ತಿಂದು ತಂದದ್ದು.

ಇದೇ ಸಮೀಕ್ಷೆಯಲ್ಲಿ ಬುಷ್ ಸ್ಥಾನ 2009ರಲ್ಲಿ 36, 2017ರಲ್ಲಿ 33, 2021ರಲ್ಲಿ 29. ಈ ಏರಿಕೆಗೆ ಇರಾಕ್ ಕುರಿತ ಯಾವ ಹೊಸ ಸತ್ಯವೂ ಕಾರಣವಲ್ಲ. ಆಮೇಲೆ ಬಂದ ಇನ್ನೊಬ್ಬ ಅಧ್ಯಕ್ಷರ ಪಕ್ಕದಲ್ಲಿ ಅವರು ಸಭ್ಯರಾಗಿ ಕಂಡದ್ದೇ ಹೆಚ್ಚು ಕೆಲಸ ಮಾಡಿದೆ ಎಂದು ನನಗನಿಸುತ್ತದೆ. 2021ರಲ್ಲಿ ಅಂಕ ಕೊಟ್ಟವರು 142 ಮಂದಿ, ಅಮೆರಿಕದ ಅಧ್ಯಕ್ಷಗಿರಿಯನ್ನು ಬಲ್ಲವರು. ಪರೀಕ್ಷೆ ಅಧ್ಯಕ್ಷಗಿರಿಯದ್ದು, ಆದ್ದರಿಂದ ಪರೀಕ್ಷಕರೂ ಅದನ್ನು ಬಲ್ಲವರೇ. ಆದರೆ ಒಂದು ಯುದ್ಧದ ಬಗ್ಗೆ ತೀರ್ಪು ಹೇಳುವಾಗ ಯುದ್ಧ ನಡೆದ ನೆಲದವರಿಗೆ ಆ ಕಟ್ಟೆಯ ಮೇಲೆ ಜಾಗವೇ ಇಲ್ಲದಿದ್ದರೆ ಅದನ್ನು ಇತಿಹಾಸದ ತೀರ್ಪು ಎಂದು ಕರೆಯುವುದು ಹೇಗೆ? 2011ರ ಕೊನೆಯ ಹೊತ್ತಿಗೆ ಇರಾಕ್ ಬಾಡಿ ಕೌಂಟ್ ಯೋಜನೆ ಹೆಸರು, ದಿನಾಂಕ, ವರದಿಗಳನ್ನು ಹಿಡಿದು ದಾಖಲಿಸಿದ ನಾಗರಿಕರ ಸಾವುಗಳೇ ಒಂದು ಲಕ್ಷ ದಾಟಿದ್ದವು.

ಎದುರು ವಾದವನ್ನೂ ಕೇಳಬೇಕು. ಸಮಕಾಲೀನರ ಕಣ್ಣಿಗೆ ಹತ್ತಿರದ್ದೇ ದೊಡ್ಡದಾಗಿ ಕಾಣುತ್ತದೆ ಎನ್ನುವುದು ಸುಳ್ಳಲ್ಲ. ಬುಷ್ 2003ರಲ್ಲಿ ಶುರುಮಾಡಿದ ಏಡ್ಸ್ ನೆರವಿನ ಯೋಜನೆ ಪೆಪ್ಫಾರ್ ಐದು ವರ್ಷಕ್ಕೆ 1,500 ಕೋಟಿ ಡಾಲರ್‌ನ ವಾಗ್ದಾನದೊಂದಿಗೆ ಆರಂಭವಾಯಿತು. ಅದರಿಂದ ಉಳಿದ ಜೀವಗಳು 2.5 ಕೋಟಿ ಎಂಬುದು ಅಮೆರಿಕ ಸರ್ಕಾರದ ಅಂದಾಜು. ಆಫ್ರಿಕಾದ ಹಳ್ಳಿಯೊಂದರಲ್ಲಿ ಆ ಔಷಧದಿಂದ ಬದುಕುಳಿದ ತಾಯಿಗೆ ಬುಷ್ ಎಂದರೆ ಬೇರೆಯೇ ಮನುಷ್ಯ. 2009ರ ಗದ್ದಲದಲ್ಲಿ ಈ ಲೆಕ್ಕ ಯಾರ ಕಿವಿಗೂ ಬೀಳಲಿಲ್ಲ. ನಾಜಿಗಳ ಗುಂಡಿಗೆ 1944ರಲ್ಲಿ ಬಲಿಯಾದ ಫ್ರೆಂಚ್ ಇತಿಹಾಸಕಾರ ಮಾರ್ಕ್ ಬ್ಲಾಕ್, ಇತಿಹಾಸಕಾರನ ಕೆಲಸ ತೀರ್ಪು ಕೊಡುವುದಕ್ಕಿಂತ ಅರ್ಥಮಾಡಿಕೊಳ್ಳುವುದು ಎಂದು ನಂಬಿದ್ದರು. ಈ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಬ್ಲಾಕ್ ತಮ್ಮ ಕಾಲದ ಬಗ್ಗೆ ತೀರ್ಮಾನಿಸಲು ಮುಂದಿನವರಿಗಾಗಿ ಕಾಯಲಿಲ್ಲ. ಐವತ್ತು ದಾಟಿದ ಮೇಲೆ ಪ್ರತಿರೋಧ ಪಡೆ ಸೇರಿದರು. ದೂರ ನಿಂತು ನೋಡುವುದು ಅರ್ಥಮಾಡಿಕೊಳ್ಳಲು ಬೇಕು. ಹೊಣೆ ಹೊರಿಸಲು ಅಷ್ಟು ದೂರ ಬೇಕಿಲ್ಲ. ಒಂದು ಕಡೆ ಉಳಿದ ಜೀವಗಳನ್ನು ಇನ್ನೊಂದು ಕಡೆ ಹೋದ ಜೀವಗಳಿಂದ ಕಳೆದು ಉಳಿಕೆ ಬರೆಯಲು ಇದು ಅಂಗಡಿಯ ಖಾತೆಯೂ ಅಲ್ಲ.

ಇನ್ನು ಸಾಹಿತ್ಯಕ್ಕೆ ಬರುತ್ತೇನೆ, ಏಕೆಂದರೆ ವಾಯಿದೆಗೆ ಒಪ್ಪದವರು ಅಲ್ಲಿದ್ದಾರೆ. ಅಹ್ಮದ್ ಸಾದಾವಿ ಅರಬ್ಬಿಯಲ್ಲಿ ಬರೆದ 'ಫ್ರಾಂಕನ್‌ಸ್ಟೈನ್ ಇನ್ ಬಾಗ್ದಾದ್' 2013ರಲ್ಲಿ ಬಂತು, ಮರುವರ್ಷ ಅರಬ್ಬಿ ಕಾದಂಬರಿಯ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆಯಿತು. ಕಥೆ ನಡೆಯುವುದು 2005ರ ಬಾಗ್ದಾದಿನಲ್ಲಿ. ಗುಜರಿ ವ್ಯಾಪಾರಿ ಹಾದಿಯ ಗೆಳೆಯ ಬಾಂಬಿಗೆ ಸಿಕ್ಕಿ ಸಾಯುತ್ತಾನೆ. ಶವಾಗಾರದಲ್ಲಿ ಯಾರ ದೇಹ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರದು ಎಲ್ಲಿ ಶುರುವಾಗುತ್ತದೆ ಎನ್ನುವುದೇ ತಿಳಿಯದಷ್ಟು ಎಲ್ಲ ಬೆರೆತುಹೋಗಿರುತ್ತದೆ. ಆಮೇಲೆ ಹಾದಿ ಬೀದಿಗಳಲ್ಲಿ ಬಿದ್ದ ತುಂಡುಗಳನ್ನು ಆಯ್ದು ತಂದು ಒಂದು ಪೂರ್ತಿ ದೇಹ ಹೊಲಿಯುತ್ತಾನೆ. ಅವನ ಆಸೆ ಇಷ್ಟೇ: ಅದು ಕಸವಲ್ಲ, ಹೆಣ ಎಂದು ಜನ ಒಪ್ಪಲಿ, ಅದಕ್ಕೊಂದು ಮಣ್ಣು ಸಿಗಲಿ. ಆದರೆ ಸತ್ತ ಕಾವಲುಗಾರನೊಬ್ಬನ ಆತ್ಮ ಅದರೊಳಗೆ ಸೇರಿ ಅದು ಎದ್ದು ನಡೆಯುತ್ತದೆ, ತನ್ನ ಒಂದೊಂದು ಅಂಗದ ಸಾವಿಗೂ ಸೇಡು ತೀರಿಸಿಕೊಳ್ಳಲು ಹೊರಡುತ್ತದೆ.

ಈ ಕಾದಂಬರಿಯನ್ನು ನಾನು ತೀರ್ಪಿನ ಕುರಿತ ಕೃತಿಯಾಗಿ ಓದುತ್ತೇನೆ. ಅಂಗದ ಸೇಡು ತೀರಿದ ಕೂಡಲೇ ಆ ಅಂಗ ಕೊಳೆತು ಉದುರುತ್ತದೆ. ಬದುಕಿರಬೇಕಾದರೆ ಹೊಸ ಅಂಗ ಬೇಕು, ಹೊಸ ಹೆಣ ಬೇಕು. ಮುಗ್ಧರ ಅಂಗಗಳ ಜಾಗಕ್ಕೆ ಅಪರಾಧಿಗಳ ಅಂಗಗಳೂ ಸೇರುತ್ತವೆ. ಕೊನೆಗೆ ಅದು ನ್ಯಾಯ ಕೇಳುತ್ತಿದೆಯೋ ಕೊಲ್ಲುವುದಕ್ಕಾಗಿ ಕೊಲ್ಲುತ್ತಿದೆಯೋ ಎಂದು ಅದಕ್ಕೇ ತಿಳಿಯದು. ಸಾದಾವಿ ಬುಷ್ ಅವರನ್ನು ಕಟಕಟೆಗೆ ತಂದು ನಿಲ್ಲಿಸುವುದಿಲ್ಲ, ಇರಾಕಿಗಳನ್ನು ಬರೀ ಮುಗ್ಧರೆಂದೂ ತೋರಿಸುವುದಿಲ್ಲ. ಆದರೆ 'ಡಿಸಿಷನ್ ಪಾಯಿಂಟ್ಸ್' ಎಲ್ಲಿ ಅಧ್ಯಾಯ ಮುಗಿಸುತ್ತದೋ ಅಲ್ಲಿಂದ ಈ ಕಾದಂಬರಿ ಶುರುವಾಗುತ್ತದೆ. ನ್ಯಾಯವನ್ನು ಮುಂದೂಡಿದರೆ ಅದು ಎಲ್ಲೋ ಭದ್ರವಾಗಿ ಕಾಯುತ್ತಾ ಕೂತಿರುವುದಿಲ್ಲ, ಕೊಳೆಯುತ್ತದೆ, ರೂಪ ಬದಲಿಸುತ್ತದೆ, ಕಂಡವರ ಮೇಲೆ ಬೀಳುತ್ತದೆ ಎಂದು ಅದು ಕಾಣಿಸುತ್ತದೆ. ಇತಿಹಾಸದ ತೀರ್ಪಿಗೆ ಕಾಯೋಣ ಎನ್ನುವ ಸಮಾಧಾನದ ಮಾತಿಗೆ ನಾನು ಓದಿದ ಅತ್ಯಂತ ಗಟ್ಟಿಯಾದ ಉತ್ತರ ಇದು.

ಈ ಮಾತು ನಮಗೂ ಹೊರಗಿನದಲ್ಲ. 2008ರ ಸೆಪ್ಟೆಂಬರ್‌ನಲ್ಲಿ, ಪರಮಾಣು ಒಪ್ಪಂದದ ಹೊತ್ತಿನಲ್ಲಿ, ಭಾರತದ ಜನ ನಿಮ್ಮನ್ನು ಬಹಳ ಪ್ರೀತಿಸುತ್ತಾರೆ ಎಂದು ಶ್ವೇತಭವನದಲ್ಲಿ ಬುಷ್ ಅವರಿಗೆ ಹೇಳಿದವರು ಪ್ರಧಾನಿ ಮನಮೋಹನ್ ಸಿಂಗ್. ಅವರೇ 2014ರ ಜನವರಿ 3ರಂದು, ಹೊರಡುವ ಹೊಸ್ತಿಲಲ್ಲಿ, ಇಂದಿನ ಮಾಧ್ಯಮಗಳಿಗಿಂತ ಇತಿಹಾಸ ತಮ್ಮ ಬಗ್ಗೆ ಹೆಚ್ಚು ಕರುಣೆ ತೋರೀತು ಎಂದರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡಾಗ ಆ ವಾಕ್ಯ ಶ್ರದ್ಧಾಂಜಲಿಗಳ ತುಂಬ ಮರಳಿ ಬಂತು. ಇಲ್ಲಿ ಒಂದು ವ್ಯತ್ಯಾಸ ಹೇಳದಿದ್ದರೆ ಅನ್ಯಾಯವಾದೀತು. 2005ರ ಮಾಹಿತಿ ಹಕ್ಕು ಕಾಯ್ದೆ ಬಂದದ್ದು ಅವರ ಸರ್ಕಾರದ ಅವಧಿಯಲ್ಲಿ. ಅದಕ್ಕೆ ರಾಜಸ್ಥಾನದ ಹಳ್ಳಿಗಳಿಂದ ಎದ್ದ ಹೋರಾಟದ ಒತ್ತಡ ಇತ್ತು, ನಿಜ. ಆದರೂ ಅದು ಕಡತವನ್ನು ನಾಳೆಯ ಇತಿಹಾಸಕಾರರಿಗೆ ಕಾದಿಡದೆ ಇಂದಿನ ಓದುಗನ ಕೈಗೆ, ಹತ್ತು ರೂಪಾಯಿ ಶುಲ್ಕಕ್ಕೆ ಕೊಟ್ಟ ಕಾನೂನು. ಇತಿಹಾಸದ ಮೊರೆ ಹೋಗುವವರನ್ನು ಅಳೆಯಲು ನನಗೆ ಇದಕ್ಕಿಂತ ಒಳ್ಳೆಯ ಅಳತೆ ಕಾಣುತ್ತಿಲ್ಲ. ಹೋಗುವಾಗ ಏನು ಹೇಳಿದರು ಎಂಬುದಕ್ಕಿಂತ ಎಷ್ಟು ಕಾಗದ ಬಿಚ್ಚಿಟ್ಟು ಹೋದರು, ಎಷ್ಟು ಸಾಕ್ಷಿಗಳಿಗೆ ಬಾಯಿ ಬಿಡಲು ಅವಕಾಶ ಕೊಟ್ಟರು ಎಂದು ಕೇಳಬೇಕು.

ಬುಷ್ ವಿಷಯದಲ್ಲಿ ಒಂದು ತೀರ್ಪು ಅವರು ಹೊರಡುವ ಮೊದಲೇ ಬಂದಿತ್ತು. 2008ರ ಡಿಸೆಂಬರ್ 14ರಂದು ಬಾಗ್ದಾದಿನ ಪತ್ರಿಕಾಗೋಷ್ಠಿಯಲ್ಲಿ ಮುಂತದರ್ ಅಲ್ ಜೈದಿ ಎಂಬ ಪತ್ರಕರ್ತ ತನ್ನ ಎರಡೂ ಬೂಟುಗಳನ್ನು ಅವರತ್ತ ಎಸೆದ. ಎರಡನೆಯದನ್ನು ವಿಧವೆಯರ, ಅನಾಥರ ಹೆಸರು ಹೇಳಿ ಎಸೆದ. ಅವನಿಗೆ ಒಂಬತ್ತು ತಿಂಗಳು ಜೈಲಾಯಿತು. ಬೂಟುಗಳನ್ನು ತನಿಖೆಯ ವೇಳೆ ನಾಶ ಮಾಡಲಾಯಿತು. ಮುಂದಿನ ತಿಂಗಳು ತಿಕ್ರಿತ್‌ನ ಅನಾಥಾಲಯವೊಂದರ ಅಂಗಳದಲ್ಲಿ ಆ ಬೂಟಿನ ದೊಡ್ಡ ಶಿಲ್ಪವೊಂದನ್ನು ನಿಲ್ಲಿಸಿದರು. ಅಧಿಕಾರಿಗಳ ಆದೇಶ ಬಂದು ಒಂದೆರಡು ದಿನಗಳಲ್ಲೇ ಅದನ್ನು ಕಿತ್ತು ಹಾಕಿದರು. ಡಾಲಸ್‌ನ ಕಟ್ಟಡ ಈಗಲೂ ನಿಂತಿದೆ. ಟಿಕೆಟ್ ಕೊಂಡರೆ ಇರಾಕ್ ಬಗ್ಗೆ ನಾವೂ ಮತ ಹಾಕಬಹುದು. ಯಾವುದು ಉಳಿಯಬೇಕು, ಯಾವುದು ಅಳಿಯಬೇಕು ಎಂದು ಇತಿಹಾಸ ಬಂದು ತೀರ್ಮಾನಿಸಲಿಲ್ಲ. ಹೆಸರು, ಹುದ್ದೆ, ವಿಳಾಸ ಇರುವ ಮನುಷ್ಯರೇ ತೀರ್ಮಾನಿಸಿದರು.